ಮನೆ ತಂಪಾಗಿರಲಿ, ನಿರಪಾಯವೂ ಆಗಿರಲಿ

ಅಡಿಕೆ ಮಾರಿದ ಹಣ ಕೈಸೇರಿದ ಮೇಲೆ ಬೆಳೆಗಾರನ ಮನಸ್ಸು ಮೊದಲು ಹರಿಯುವುದು ಮನೆಯ ಕಡೆಗೆ. ಮಲೆನಾಡಿನ ಸದಸ್ಯರಿಗೆ ಮಳೆಯ ಚಿಂತೆ. ರಾಣೆಬೆನ್ನೂರು ತಾಲ್ಲೂಕಿನ ಐರಣಿಯಂತಹ ತುಂಗಭದ್ರೆಯ ದಂಡೆಯ ಊರಿನವರಿಗೆ ಬಿಸಿಲು, ನೆರೆ ಎರಡರ ಚಿಂತೆಯೂ ಉಂಟು. 2019ರ ಆಗಸ್ಟ್ ತಿಂಗಳ ಮಳೆ ಮತ್ತು ನೆರೆಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳು ಕುಸಿದವು. ಮಣ್ಣಿನ ಗೋಡೆಯ ಮೇಲೆ ಜನರಿಗಿದ್ದ ನಂಬಿಕೆಯೂ ಕುಸಿಯಿತು. ಆದರೆ ಸಿಮೆಂಟು ಗೋಡೆ ಕಟ್ಟಿ ಮೇಲೆ ತಗಡು ಹೊದಿಸಿದರೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಒಳಗೆ ಕೂರುವಂತಿಲ್ಲ. ಫ್ಯಾನು, ಕೂಲರುಗಳಿಗೆ ಬಿಡುವಿಲ್ಲ, ಕರೆಂಟು ಬಿಲ್ಲಿಗೆ ಮಿತಿಯಿಲ್ಲ.

ಆದ್ದರಿಂದ ಮನೆಯ ಸಾಮಗ್ರಿ ಆರಿಸುವಾಗ ಮೂರು ಲೆಕ್ಕಗಳನ್ನು ಒಟ್ಟಿಗೆ ನೋಡಬೇಕೆಂದು ನಾವು ಹೇಳಬಯಸುತ್ತೇವೆ. ಆ ಸಾಮಗ್ರಿ ತಯಾರಿಸಲು ಎಷ್ಟು ಸೌದೆ-ಕಲ್ಲಿದ್ದಲು ಉರಿಯಿತು? ವಾಸಕ್ಕೆ ಬಂದ ಮೇಲೆ ಎಷ್ಟು ಕರೆಂಟು ಉಳಿಸುತ್ತದೆ? ನಮ್ಮ ಶ್ವಾಸಕೋಶಕ್ಕೂ ಬಾವಿಯ ನೀರಿಗೂ ಅದರಿಂದ ಕೇಡುಂಟೆ? ಈ ಮೂರನೆಯದನ್ನು ಮರೆತು ಮಾಡಿದ ಉಳಿತಾಯ ಉಳಿತಾಯವಲ್ಲ.

ಮಾಡು

ಬಿಸಿಲಿನ ಹೆಚ್ಚಿನ ಪಾಲು ಒಳಗಿಳಿಯುವುದು ಮಾಡಿನಿಂದಲೇ. ಅಗ್ಗವೆಂದು ಹಲವರು ಕಲ್ನಾರಿನ, ಎಂದರೆ ಆಸ್‌ಬೆಸ್ಟಾಸ್ ಶೀಟು ಹಾಕಿಸುತ್ತಾರೆ. ಇದರ ನವಿರಾದ ನಾರು ಧೂಳಿನೊಡನೆ ಶ್ವಾಸಕೋಶ ಸೇರಿದರೆ ಹೊರಬರುವುದು ಕಷ್ಟ. ಕಾಯಿಲೆ ಕಾಣಿಸಿಕೊಳ್ಳಲು ಹತ್ತಾರು ವರ್ಷ ಹಿಡಿಯಬಹುದು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಈಗಾಗಲೇ ಹಾಕಿದವರು ಗಾಬರಿಯಾಗಬೇಕಿಲ್ಲ. ಶೀಟನ್ನು ಗರಗಸದಿಂದ ಕೊಯ್ಯಬೇಡಿ, ತೂತು ಕೊರೆಯಬೇಡಿ, ಒಣಗಿದ್ದಾಗ ಉಜ್ಜಬೇಡಿ. ತೆಗೆಯಬೇಕಾದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಿ. ಚೂರುಗಳನ್ನು ತೋಟದ ದಾರಿಗೆ ಹಾಸುವುದು ಬೇಡವೇ ಬೇಡ.

ಹೊಸ ಮನೆಗೆ ಮಂಗಳೂರು ಹೆಂಚು ಒಳ್ಳೆಯದು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಈ ಹೆಂಚು ಸುಡಲು ಉರುವಲು ಬೇಕು, ನಿಜ. ಆದರೆ ಒಮ್ಮೆ ಹೊದಿಸಿದರೆ ತಲೆಮಾರು ಬಾಳುತ್ತದೆ, ಬಿಚ್ಚಿ ಮತ್ತೆ ಬಳಸಲೂ ಬರುತ್ತದೆ. ಹೆಂಚಿನ ಕೆಳಗೆ ಬಿದಿರು ಇಲ್ಲವೆ ಅಡಿಕೆ ದಬ್ಬೆಯ ಒಳಮಾಡು ಹಾಕಿ, ನಡುವೆ ಗಾಳಿಯಾಡಲು ಎಡೆ ಬಿಟ್ಟರೆ ಸೆಕೆ ಬಹಳ ತಗ್ಗುತ್ತದೆ. ಥರ್ಮಾಕೋಲ್ ಒಳಮಾಡೂ ಸೆಕೆ ತಡೆಯುತ್ತದೆ. ಆದರೆ ಬೆಂಕಿ ತಗುಲಿದರೆ ಕಪ್ಪು ವಿಷಹೊಗೆ ಮನೆ ತುಂಬುತ್ತದೆ. ಆರ್‌.ಸಿ.ಸಿ. ತಾರಸಿ ಇದ್ದವರು ಬೇಸಿಗೆಗೆ ಮುನ್ನ ಮೇಲೆ ಸುಣ್ಣ ಬಳಿಯಲಿ. ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಉಳಿದಿದ್ದರೆ ಅದೇ ಸಾಕು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಗೋಡೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಮಣ್ಣಿನ ಒತ್ತಿಟ್ಟಿಗೆಯ ವಿಧಾನವನ್ನು ರೂಢಿಗೆ ತಂದರು. ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡುವ ಕೆಲಸವಿಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಸಾಕೆಂಬುದು ಅಲ್ಲಿಯ ತಜ್ಞರ ಲೆಕ್ಕ.

ಆದರೆ ಎಲ್ಲ ಮಣ್ಣೂ ಇದಕ್ಕೆ ಆಗದು. ಮರಳಿನಂಶ ಹೆಚ್ಚಿರುವ ಕೆಂಪು ಮಣ್ಣು ಉತ್ತಮ. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದನ್ನು ಹಾಗೆಯೇ ಬಳಸಬಾರದು. ಒಂದು ಗಾಜಿನ ಸೀಸೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಒಂದು ದಿನ ಬಿಟ್ಟು ನೋಡಿ: ತಳದಲ್ಲಿ ಮರಳು, ಮೇಲೆ ಜೇಡಿ ಪದರ ಪದರವಾಗಿ ಕಾಣುತ್ತದೆ. ಮರಳು ಅರ್ಧಕ್ಕಿಂತ ಕಡಿಮೆಯಿದ್ದರೆ ಹೊರಗಿನ ಮರಳು ಬೆರೆಸಬೇಕು.

2019ರ ಪಾಠವನ್ನೂ ಮರೆಯುವಂತಿಲ್ಲ. ಹೊಳೆಯ ನೀರು ಏರಿ ಬರುವ ಜಾಗದಲ್ಲಿ ಮಣ್ಣಿನ ಗೋಡೆ ಬೇಡವೆಂದೇ ನಮ್ಮ ಸಲಹೆ. ಉಳಿದೆಡೆ ತಳಪಾಯವನ್ನು ಕಲ್ಲಿನಿಂದ ಎರಡು ಅಡಿಯಾದರೂ ಎತ್ತರಿಸಿ, ಸೂರನ್ನು ಗೋಡೆಯಿಂದ ಎರಡು ಅಡಿ ಮುಂದೆ ಚಾಚಿ. ಮಣ್ಣಿನ ಗೋಡೆಯ ಆಯುಷ್ಯ ಅದರ ಕಾಲು ಮತ್ತು ತಲೆ ಒಣಗಿರುವುದರಲ್ಲಿದೆ.

ಗೆದ್ದಲು

ಹಿಂದೆ ತಳಪಾಯಕ್ಕೆ ಆಲ್ಡ್ರಿನ್, ಬಿ.ಎಚ್‌.ಸಿ. ಪುಡಿ ಸುರಿಯುವ ರೂಢಿಯಿತ್ತು. ತೋಟಕ್ಕೆ ತಂದ ಡಬ್ಬಿಯಲ್ಲಿ ಉಳಿದದ್ದು ಮನೆಯ ಅಡಿಗೆ ಹೋಗುತ್ತಿತ್ತು. ಆಲ್ಡ್ರಿನ್ 1996ರಲ್ಲಿ, ಬಿ.ಎಚ್‌.ಸಿ. 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧಗೊಂಡವು. ಹಳೆಯ ದಾಸ್ತಾನು ಮೂಲೆಯಲ್ಲಿದ್ದರೆ ಮನೆ ಕೆಲಸಕ್ಕೆ ತೆಗೆಯಬೇಡಿ. ಕಲ್ಲಿನ ತಳಪಾಯದ ಮೇಲೆ ಬಿರುಕಿಲ್ಲದ ಸಿಮೆಂಟು ಪಟ್ಟಿ ಎಳೆದು, ಗೋಡೆಯ ಬುಡದಲ್ಲಿ ಸೌದೆ ಪೇರಿಸದಿದ್ದರೆ ಗೆದ್ದಲಿನ ಕೊಳವೆ ಬೇಗ ಕಣ್ಣಿಗೆ ಬೀಳುತ್ತದೆ. ಅಡಿಕೆ ದಬ್ಬೆಯನ್ನು ಬಿಳಿಗಾರ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ಕೆಲವು ದಿನ ನೆನೆಸಿ ಒಣಗಿಸಿದರೆ ಹುಳು ಹತ್ತುವುದು ಕಡಿಮೆ. ಮಳೆ ತಾಗುವಲ್ಲಿ ಇದು ತೊಳೆದುಹೋಗುತ್ತದೆ. ಒಳಮಾಡಿಗೆ ಮಾತ್ರ ಸರಿ. ಆ ನೀರನ್ನು ಮಕ್ಕಳಿಂದ, ದನಕರುಗಳಿಂದ ದೂರವಿಡಿ.

ಅಡಿಗೆಮನೆ

ಸೆಕೆ ತಡೆಯಲೆಂದು ಕಿಂಡಿಗಳನ್ನು ಮುಚ್ಚಿ, ಒಳಗೆ ಸೌದೆ ಒಲೆ ಉರಿಸಿದರೆ ಹೊಗೆ ಕುಡಿಯುವವರು ಹೆಂಗಸರು ಮತ್ತು ಮಕ್ಕಳು. ಗ್ಯಾಸ್ ಬಂದ ಮನೆಯಲ್ಲೂ ಸ್ನಾನದ ನೀರಿಗೆ ಸೌದೆಯೇ. ಚಿಮಣಿಯಿರುವ ಅಸ್ತ್ರ ಒಲೆ ಸೌದೆಯನ್ನೂ ಉಳಿಸುತ್ತದೆ, ಹೊಗೆಯನ್ನೂ ಹೊರಗೆ ಹಾಕುತ್ತದೆ. ಒಲೆಯ ಮೇಲಿನ ಬೆಳಕಿಂಡಿಯನ್ನು ಎಂದೂ ಮುಚ್ಚಬೇಡಿ.

ಹಣ ಸಾಲದಿದ್ದರೆ ಎಲ್ಲವನ್ನೂ ಒಂದೇ ವರ್ಷ ಮಾಡಬೇಕಿಲ್ಲ. ಈ ಬೇಸಿಗೆಗೆ ತಾರಸಿಗೆ ಸುಣ್ಣ, ಅಡಿಗೆಮನೆಗೆ ಚಿಮಣಿ. ಮುಂದಿನ ಫಸಲಿಗೆ ಒಳಮಾಡು. ಗೋಡೆಯ ವಿಚಾರ ಆಮೇಲೆ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಸೀಸೆಯ ಪರೀಕ್ಷೆ ಮಾಡುವುದನ್ನು ಮಾತ್ರ ಮರೆಯಬೇಡಿ.