ಇಂಗ್ಲಿಷ್ ಸರ್ವನಾಮಗಳ ಬಳಕೆ

ನಾಮಪದದ ಬದಲಿಗೆ ಪ್ರಯೋಗಿಸುವ ಪದಗಳನ್ನು ಸರ್ವನಾಮಗಳು ಎನ್ನುತ್ತಾರೆ. ಇಂಗ್ಲಿಷ್ ಕಲಿಯುವ ಕನ್ನಡಿಗರು ಇವುಗಳ ಬಳಕೆಯಲ್ಲಿ ಮಾಡುವ ಹಲವು ತಪ್ಪುಗಳು ಕನ್ನಡದ ನಿಯಮವನ್ನೇ ಇಂಗ್ಲಿಷಿಗೂ ಅನ್ವಯಿಸುವುದರಿಂದ ಉಂಟಾಗುತ್ತವೆ.

ಪುರುಷಾರ್ಥಕ ಸರ್ವನಾಮ
"ಯಲಹಂಕಕ್ಕೆ ಹೋದೆನು" ಎಂಬಲ್ಲಿ ಕ್ರಿಯಾಪದದ ಪ್ರತ್ಯಯವೇ ಕರ್ತೃವನ್ನು ಸೂಚಿಸುವುದರಿಂದ "ನಾನು" ಎಂಬ ಪದವನ್ನು ಬಿಡಬಹುದು. ಇಂಗ್ಲಿಷಿನ "ವೆಂಟ್" ಎಲ್ಲ ಪುರುಷಗಳಿಗೂ ಒಂದೇ; ಆದುದರಿಂದ "ಐ ವೆಂಟ್ ಟು ಯಲಹಂಕ" ಎಂದು ಕರ್ತೃವನ್ನು ಹೇಳಲೇಬೇಕು. "ಮಳೆ ಬರುತ್ತಿದೆ" ಎಂಬುದಕ್ಕೆ "ಇಟ್ ಈಸ್ ರೈನಿಂಗ್" ಎನ್ನಬೇಕು. ಇಲ್ಲಿನ "ಇಟ್" ಯಾವ ವಸ್ತುವನ್ನೂ ಸೂಚಿಸದೆ ಕರ್ತೃವಿನ ಸ್ಥಾನವನ್ನು ಮಾತ್ರ ತುಂಬುತ್ತದೆ.

ಗೌರವಸೂಚಕ ಬಹುವಚನ
ಯಲಹಂಕ ನಾಡಪ್ರಭು ಕೆಂಪೇಗೌಡರನ್ನು ಕುರಿತು "ಅವರು 1537ರಲ್ಲಿ ಬೆಂಗಳೂರು ಕೋಟೆಯನ್ನು ಕಟ್ಟಿಸಿದರು" ಎಂದು ಬರೆಯುವುದು ರೂಢಿ. ಇದನ್ನು "ದೇ ಬಿಲ್ಟ್" ಎಂದು ಅನುವಾದಿಸಿದರೆ ಕಟ್ಟಿಸಿದವರು ಹಲವರು ಎಂಬ ಅರ್ಥ ಬರುತ್ತದೆ. "ಹೀ ಬಿಲ್ಟ್" ಎಂಬುದೇ ಸರಿ. ಇಂಗ್ಲಿಷಿನಲ್ಲಿ ಅದು ಅಗೌರವವಲ್ಲ. ಹಾಗೆಯೇ "ನೀನು", "ನೀವು" ಎರಡಕ್ಕೂ "ಯೂ" ಒಂದೇ ರೂಪ.

ಸಂಬಂಧಸೂಚಕ ಸರ್ವನಾಮ
"ಕೋಟೆಯನ್ನು ಕಟ್ಟಿಸಿದ ಪ್ರಭು" ಎಂಬಲ್ಲಿ "ಕಟ್ಟಿಸಿದ" ಎಂಬ ಕೃದಂತವೇ ಸಂಬಂಧವನ್ನು ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ನಾಮಪದದ ನಂತರ ಬರುವ ಸರ್ವನಾಮ ಮಾಡುತ್ತದೆ: ವ್ಯಕ್ತಿಗೆ "ಹೂ", ವಸ್ತುವಿಗೆ "ವಿಚ್".

ಆತ್ಮಾರ್ಥಕ ಸರ್ವನಾಮ
"ರಾಜು ತನ್ನ ಪುಸ್ತಕ ತಂದನು", "ರಾಜು ಅವನ ಪುಸ್ತಕ ತಂದನು" ಎಂಬ ವಾಕ್ಯಗಳಲ್ಲಿ ಪುಸ್ತಕ ಯಾರದೆಂಬುದನ್ನು ಕನ್ನಡ ಬೇರ್ಪಡಿಸಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ "ಹಿಸ್" ಬರುತ್ತದೆ. ಸಂದೇಹಕ್ಕೆ ಎಡೆಯಿದ್ದರೆ "ಹಿಸ್ ಓನ್" ಎಂದೋ, ಮತ್ತೊಬ್ಬನ ಹೆಸರು ಹೇಳಿಯೋ ಅರ್ಥವನ್ನು ಸ್ಪಷ್ಟಪಡಿಸಬೇಕು.