ನಗರದಲ್ಲಿರುವ ನಮ್ಮ ಮಕ್ಕಳು: ದುಡಿಮೆ, ಬಿಡುವು, ಒಲವು

ಹಾವೇರಿ, ಗದಗ, ಕೊಪ್ಪಳ, ಬೀದರ, ಚಿತ್ರದುರ್ಗ ಮುಂತಾದ ಜಿಲ್ಲೆಗಳ ನಮ್ಮ ಸಮಾಜದ ಅನೇಕ ಮನೆಗಳಿಂದ ಒಬ್ಬ ಮಗನೋ ಮಗಳೋ ಇಂದು ಬೆಂಗಳೂರು ಸೇರಿದ್ದಾರೆ. ಓದು ಮುಗಿಸಿ ನೌಕರಿ ಹಿಡಿದ ಆ ಮಕ್ಕಳನ್ನು ಕುರಿತು ತಂದೆ-ತಾಯಿಗಳು ಅಭಿಮಾನದಿಂದ ಮಾತನಾಡುತ್ತಾರೆ. ಸಂಬಳವೆಷ್ಟೆಂಬುದು ಅವರಿಗೆ ಗೊತ್ತು. ಕಂಪನಿಯ ಹೆಸರೂ ಗೊತ್ತು. ಆದರೆ ಮಗಳು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಯಾರೊಡನೆ ಕುಳಿತು ಉಣ್ಣುತ್ತಾಳೆ, ಭಾನುವಾರ ಎಲ್ಲಿಗೆ ಹೋಗುತ್ತಾಳೆ, ಬೇಸರವಾದಾಗ ಯಾರ ಮುಂದೆ ಹೇಳಿಕೊಳ್ಳುತ್ತಾಳೆ ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ಹೀಗಿರುವಾಗ ಒಂದು ದಿನ ತಾನು ಒಬ್ಬರನ್ನು ಮೆಚ್ಚಿಕೊಂಡಿದ್ದೇನೆ ಎಂಬ ಮಾತು ಮಗಳ ಬಾಯಿಂದ ಬಂದರೆ ಮನೆಗೆ ಸಿಡಿಲು ಬಡಿದಂತಾಗುತ್ತದೆ. ಮಕ್ಕಳ ಒಲವಿನ ಬಗ್ಗೆ ತೀರ್ಪು ಕೊಡುವ ಮುನ್ನ ಅವರ ದಿನ ಹೇಗೆ ಸಾಗುತ್ತದೆ ಎಂಬುದನ್ನು ಅರಿಯಬೇಕೆಂದು ಹೇಳುವುದೇ ಈ ಲೇಖನದ ಉದ್ದೇಶ.

ದಿನ ಸಾಗುವ ಬಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯಬೇಕಾದರೆ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲದಿಂದ ಇದೆ. ಮದುವೆಯಾಗದವರಿಗೆ ಮನೆ ಕೊಡಲು ಒಪ್ಪದ ಮಾಲೀಕರೂ ಇದ್ದಾರೆ. ಆದ್ದರಿಂದ ಹೊಸದಾಗಿ ಬಂದ ಹುಡುಗ ಹುಡುಗಿಯರು ಪಿ.ಜಿ. ಎಂದು ಕರೆಯುವ ವಸತಿಗಳನ್ನು ಆಶ್ರಯಿಸುತ್ತಾರೆ. ಒಂದು ಕೋಣೆಯಲ್ಲಿ ಇಬ್ಬರು, ಮೂವರು. ತಲೆಯ ಬಳಿ ಒಂದು ಕಪಾಟು. ನಿಗದಿತ ಹೊತ್ತಿಗೆ ಊಟ. 2024ರ ಆಗಸ್ಟ್‌ನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಇಂಥ ವಸತಿಗಳಿಗೆ ನಿಯಮಗಳನ್ನು ಹೊರಡಿಸಿ, ತಲಾ 70 ಚದರ ಅಡಿ ಜಾಗ ಮತ್ತು ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಹೇಳಿತು. ಇಷ್ಟನ್ನೂ ಆಜ್ಞೆ ಮಾಡಿಯೇ ಕೊಡಿಸಬೇಕಾಯಿತೆಂದರೆ ನಮ್ಮ ಮಕ್ಕಳು ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಾರೆಂಬುದನ್ನು ಊಹಿಸಬಹುದು. ಊರಿನ ಮನೆಯ ಪಡಸಾಲೆಯನ್ನು ಕಂಡು ಬೆಳೆದವರಿಗೆ ಇದು ಸಣ್ಣ ಮಾತಲ್ಲ.

ಕೆಲಸದ ಹೊತ್ತೂ ಊರಿನ ಲೆಕ್ಕಕ್ಕೆ ಸಿಗುವಂಥದಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ದಿನ ಬೆಳಿಗ್ಗೆ 8.30 ಆದಾಗ ಇಲ್ಲಿ ರಾತ್ರಿ 9 ಗಂಟೆ. ಅಲ್ಲಿಯ ಗ್ರಾಹಕರು ಕಚೇರಿಗೆ ಬಂದು ಕುಳಿತಾಗ ಇಲ್ಲಿಯ ಮಗಳು ಊಟ ಬಿಟ್ಟು ಅವರೊಡನೆ ಮಾತನಾಡಬೇಕು. ಅದೇ ಹೊತ್ತಿಗೆ ಅವ್ವನ ಕರೆ ಬರುತ್ತದೆ. "ಉಂಡೇನವ್ವಾ?" ಎಂದು ಅವ್ವ ಕೇಳುತ್ತಾಳೆ. "ಉಂಡೆ ಅವ್ವಾ, ಆಮ್ಯಾಲ ಮಾಡ್ತೀನಿ" ಎಂದು ಮಗಳು ಉಣ್ಣದೆಯೇ ಉತ್ತರಿಸುತ್ತಾಳೆ. ತಾಯಿಗೆ ಚಿಂತೆ ಆಗಬಾರದೆಂದು ಹೇಳಿದ ಈ ಚಿಕ್ಕ ಸುಳ್ಳಿನಿಂದಲೇ ಮನೆಗೂ ಮಕ್ಕಳಿಗೂ ನಡುವಿನ ಅಂತರ ಮೊದಲಾಗುತ್ತದೆಂದು ನಮಗೆ ತೋರುತ್ತದೆ.

ಇನ್ನು ಪ್ರಯಾಣ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ದಾರಿಗೆ ಸರಾಸರಿ 28 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ನಮ್ಮ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಅದರ ನೇರಳೆ ಮಾರ್ಗವು 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ಣಗೊಂಡಿತು. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ಇವುಗಳಿಂದ ಅನೇಕರ ದಿನದಲ್ಲಿ ಒಂದಿಷ್ಟು ಹೊತ್ತು ಉಳಿದಿದೆ. ಆದರೂ ಕೆಲಸ, ಪ್ರಯಾಣ, ನಿದ್ದೆ ಇವು ಕಳೆದ ಮೇಲೆ ವಾರದ ಐದು ದಿನಗಳಲ್ಲಿ ಮಕ್ಕಳಿಗೆ ತಮ್ಮದೆಂಬ ಸಮಯ ಬಹಳ ಕಡಿಮೆ.

ಬಿಡುವು ಎಂಬುದು ಕೆಡುಕಲ್ಲ

ಉಳಿದದ್ದು ಶನಿವಾರ, ಭಾನುವಾರ. ನಗರದಲ್ಲಿ ತಿರುಗಾಡುವುದೆಂದರೆ ಹಾದಿ ತಪ್ಪುವುದೆಂಬ ಭಾವನೆ ಹಿರಿಯರಲ್ಲಿ ಇನ್ನೂ ಇದೆ. ಮದ್ಯದಂಗಡಿಗಳೂ ದುಂದುವೆಚ್ಚದ ತಾಣಗಳೂ ಬೆಂಗಳೂರಿನಲ್ಲಿ ಇರುವುದು ನಿಜ. ಅಲ್ಲಿಗೆ ಹೋಗಿ ಹಣ, ಆರೋಗ್ಯ ಎರಡನ್ನೂ ಕಳೆದುಕೊಂಡವರೂ ಇದ್ದಾರೆ. ಆದರೆ ನಗರದಲ್ಲಿ ಇರುವುದು ಅಷ್ಟೇ ಅಲ್ಲ.

ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಇಂದು 240 ಎಕರೆಯ ತೋಟವಾಗಿ ಬೆಳೆದಿದೆ. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಸಂದರ್ಭದಲ್ಲಿ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಗೆಳತಿಯರೊಡನೆ ಹೋಗಿಬರುವ ಹುಡುಗಿಯರು ಎಷ್ಟೋ ಮಂದಿ. 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನದಲ್ಲಿ 2023ರಿಂದೀಚೆಗೆ ಶನಿವಾರ ಬೆಳಿಗ್ಗೆ ಯುವಜನರು ಚಾಪೆ ಹಾಸಿಕೊಂಡು ಮರದಡಿಯಲ್ಲಿ ಮೌನವಾಗಿ ಪುಸ್ತಕ ಓದುವ ಪದ್ಧತಿ ಬೆಳೆದುಬಂದಿದೆ. ಶಂಕರನಾಗ್ ಅವರ ನೆನಪಿನಲ್ಲಿ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಸಂಜೆ 7.30ಕ್ಕೆ ಸರಿಯಾಗಿ ನಾಟಕ ಶುರುವಾಗುತ್ತದೆ. ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಹೋದರೆ ಊರಿನ ಜಾತ್ರೆಗೆ ಹೋದಂತೆಯೇ ಅನಿಸುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುವ ಖಾನಾವಳಿಗಳನ್ನು ಹುಡುಕಿಕೊಂಡು ಉತ್ತರ ಕರ್ನಾಟಕದ ಮಕ್ಕಳು ನಗರದ ಆ ತುದಿಯಿಂದ ಈ ತುದಿಗೆ ಹೋಗುವುದುಂಟು. ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತ ಜೀವಕ್ಕೆ ಇಷ್ಟಾದರೂ ಬಿಡುವು ಬೇಡವೇ?

ಬಿಡುವಿದ್ದೂ ಜೊತೆಗಾರರಿಲ್ಲದವರ ಪಾಡು ಇನ್ನೂ ಕಷ್ಟ. ಭಾನುವಾರವಿಡೀ ಕೋಣೆಯ ಬಾಗಿಲು ಮುಚ್ಚಿಕೊಂಡು ಮೊಬೈಲ್ ನೋಡುತ್ತ ಕಳೆಯುವ ಮಕ್ಕಳು ಇದ್ದಾರೆ. ಇದನ್ನು ಸೋಮಾರಿತನವೆಂದು ಬೈಯುವ ಬದಲು ಒಂಟಿತನವಿರಬಹುದೇ ಎಂದು ವಿಚಾರಿಸಬೇಕು. ಮನಸ್ಸು ಕುಗ್ಗಿದವರು ಮಾತನಾಡಲೆಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದಕ್ಕೆ ಮಾರ್ಗದರ್ಶನ ನೀಡುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮಕ್ಕಳಿಗೂ ತಿಳಿಸಿ, ಮನೆಯವರೂ ಬರೆದಿಟ್ಟುಕೊಳ್ಳುವುದು ಒಳಿತು.

ಒಲವು ಮೂಡುವ ಬಗೆ

ಇಂಥ ಬಾಳಿನ ನಡುವೆ ಒಲವು ಹೇಗೆ ಮೂಡುತ್ತದೆ? ಚಲನಚಿತ್ರದಲ್ಲಿ ತೋರಿಸುವಂತೆ ಅಲ್ಲ. ರಾತ್ರಿ ಪಾಳಿ ಮುಗಿಸಿ ಒಂದೇ ವಾಹನದಲ್ಲಿ ಬರುವವರು ಮಾತಿಗೆ ತೊಡಗುತ್ತಾರೆ. ಡೆಂಗಿ ಜ್ವರ ಬಂದು ಮಲಗಿದಾಗ ಆಸ್ಪತ್ರೆಗೆ ಕರೆದೊಯ್ದು, ಮೂರು ದಿನ ಗಂಜಿ ತಂದುಕೊಟ್ಟವರು ಹತ್ತಿರವಾಗುತ್ತಾರೆ. ಕೆಲಸ ಹೋಗುವ ಭಯದಲ್ಲಿ ಧೈರ್ಯ ಹೇಳಿದವರು ನಂಬಿಕೆ ಗಳಿಸುತ್ತಾರೆ. ಊರಿನಲ್ಲಿ ಅಕ್ಕ, ಅತ್ತಿಗೆ, ಕಾಕಾ, ಓಣಿಯ ಹಿರಿಯರು ಸೇರಿ ನೋಡಿಕೊಳ್ಳುತ್ತಿದ್ದುದನ್ನೆಲ್ಲ ಇಲ್ಲಿ ಒಬ್ಬರೇ ನೋಡಿಕೊಂಡಾಗ ಅವರ ಮೇಲೆ ಮನಸ್ಸು ನಿಲ್ಲುವುದು ಸಹಜ. ಕಷ್ಟದಲ್ಲಿ ಕಂಡ ಗುಣವನ್ನು ಮೆಚ್ಚಿದ ಮಗಳನ್ನು ಹಾದಿ ತಪ್ಪಿದವಳೆಂದು ಕರೆಯುವುದು ನ್ಯಾಯವಲ್ಲ.

ಹಾಗೆಂದು ಎಲ್ಲ ಒಲವೂ ನಂಬಿಕೆಗೆ ಅರ್ಹವೆಂದು ನಾವು ಹೇಳುತ್ತಿಲ್ಲ. ಮದುವೆಯಾಗಿದ್ದೂ ಮುಚ್ಚಿಡುವವರು, ಸಾಲ ಕೇಳಿ ಮರೆಯಾಗುವವರು, ಗೆಳತಿಯ ಮೊಬೈಲನ್ನು ಕಸಿದು ನೋಡಿ ಕಾವಲು ಕಾಯುವವರು ನಗರದಲ್ಲಿ ಇದ್ದಾರೆ. ಇಂಥವರನ್ನು ಗುರುತಿಸಲು ಅನುಭವಿಗಳಾದ ಹಿರಿಯರ ಕಣ್ಣು ಬೇಕು. ಆದರೆ ಹಿರಿಯರ ಮುಂದೆ ಬಾಯಿ ಬಿಡಲು ಹೆದರುವ ಮಗಳಿಗೆ ಆ ನೆರವು ದೊರೆಯುವುದಾದರೂ ಹೇಗೆ? ಮನೆಯವರ ಕೋಪಕ್ಕೆ ಅಂಜಿ ವಿಷಯವನ್ನು ಮುಚ್ಚಿಟ್ಟ ಮಕ್ಕಳೇ ಮೋಸಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ.

ಕಾಯದೆ ಮತ್ತು ಕಲ್ಯಾಣ

ವಿಷಯ ತಿಳಿದಾಗ ಕೆಲವು ಮನೆಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಜ್ಜಿಗೆ ಆರಾಮಿಲ್ಲವೆಂದು ಹೇಳಿ ಮಗಳನ್ನು ಊರಿಗೆ ಕರೆಸುವುದು, ಮೊಬೈಲ್ ಕಿತ್ತುಕೊಳ್ಳುವುದು, ನೌಕರಿ ಬಿಡಿಸುವುದು, ಹದಿನೈದು ದಿನದೊಳಗೆ ಎಲ್ಲಿಯೋ ವರ ನೋಡಿ ನಿಶ್ಚಯ ಮಾಡುವುದು. ಇದರಿಂದ ಹಾಳಾಗುವುದು ಇಬ್ಬರ ಬಾಳಲ್ಲ, ಏನೂ ಅರಿಯದೆ ವರನಾಗಿ ಬಂದ ಮೂರನೆಯವನ ಬಾಳೂ ಹೌದು.

ಕಾಯದೆಯ ಮಾತನ್ನೂ ನಮ್ಮ ಮನೆಗಳು ತಿಳಿದಿರಬೇಕು. 1955ರ ಹಿಂದೂ ವಿವಾಹ ಕಾಯದೆಯ 2ನೇ ಕಲಮು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಹೇಳಿ ಅವರನ್ನು ತನ್ನ ವ್ಯಾಪ್ತಿಗೆ ಸೇರಿಸುತ್ತದೆ. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕೆಂದು ಅದು ವಿಧಿಸುತ್ತದೆ. ಜಾತಿ ಒಂದೇ ಇರಬೇಕೆಂದು ವಿಧಿಸುವುದಿಲ್ಲ. ಧರ್ಮ ಬೇರೆಯಾದವರಿಗೂ 1954ರ ವಿಶೇಷ ವಿವಾಹ ಕಾಯದೆಯಲ್ಲಿ 30 ದಿನಗಳ ನೋಟೀಸು ಕೊಟ್ಟು ಮದುವೆಯಾಗಲು ಅವಕಾಶವಿದೆ. ನಮ್ಮ ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲಿ, ಓದಿದ ಯುವತಿಯೊಬ್ಬಳು ತಾನು ಮೆಚ್ಚಿದವನನ್ನು ಮದುವೆಯಾದಾಗ ತಂದೆಯು ಮಗಳು ಕಾಣೆಯಾಗಿದ್ದಾಳೆಂದು ದೂರಿತ್ತಿದ್ದರು. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಕರಣವನ್ನು ರದ್ದುಗೊಳಿಸಿತು. ಪ್ರಾಪ್ತ ವಯಸ್ಸಿನ ಇಬ್ಬರು ಒಪ್ಪಿದ ಮೇಲೆ ಮದುವೆಗೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅವಶ್ಯವಲ್ಲ ಎಂಬುದು ಆ ತೀರ್ಪಿನ ಸಾರ.

ಕಾಯದೆ ಹೇಳುವ ಮೊದಲೇ ಈ ಮಾತು ನಮ್ಮ ಪರಂಪರೆಯಲ್ಲಿ ಇತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆಯ ಕಥೆಯನ್ನು ನಾವು ವರ್ಷವರ್ಷವೂ ಬಸವ ಜಯಂತಿಯ ವೇದಿಕೆಯಲ್ಲಿ ಹೇಳುತ್ತೇವೆ. ಆ ಸಂಬಂಧಕ್ಕಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂದು ಪರಂಪರೆ ನೆನೆಯುತ್ತದೆ. ವೇದಿಕೆಯಿಂದ ಇಳಿದು ಮನೆಗೆ ಬಂದ ಮೇಲೆ ಪಂಚಮಸಾಲಿ, ಬಣಜಿಗ, ಸಾದರ, ಗಾಣಿಗ, ಜಂಗಮ ಎಂದು ಒಳಪಂಗಡ ಎಣಿಸಿ, ಕೊರಳಲ್ಲಿ ಲಿಂಗವಿರುವ ಹುಡುಗನನ್ನೇ ಬೇಡವೆನ್ನುವುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಮಕ್ಕಳು ಕೇಳುತ್ತಿದ್ದಾರೆ. ಉತ್ತರ ಕೊಡಬೇಕಾದವರು ನಾವು.

ಇಬ್ಬರ ಹೊಣೆ

ಮಕ್ಕಳ ಮೇಲೂ ಹೊಣೆಯಿದೆ. ಒಬ್ಬರನ್ನು ಮೆಚ್ಚಿದ್ದರೆ ಅವರ ಮನೆ, ನೌಕರಿ, ಸಾಲ, ಆರೋಗ್ಯ, ನಡತೆ ಇವನ್ನು ಚೆನ್ನಾಗಿ ಅರಿತುಕೊಳ್ಳಬೇಕು. ಬೆದರಿಸುವವರಿಂದ, ಪದೇ ಪದೇ ಹಣ ಕೇಳುವವರಿಂದ ದೂರವಾಗಬೇಕು. ಅಪಾಯವೆನಿಸಿದರೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಮನೆಗೆ ತಿಳಿಸುವುದಿದ್ದರೆ ವರ ನೋಡುವ ಮಾತು ಶುರುವಾಗುವ ಮೊದಲೇ, ಅಕ್ಕನಿಗೋ ಸೋದರಮಾವನಿಗೋ ಹೇಳಿ ತಂದೆ-ತಾಯಿಗೆ ಮುಟ್ಟಿಸುವುದು ಲೇಸು. ಮನೆಯವರು ಹತ್ತು ಜನರ ಮುಂದೆ ಮಾತು ಕೊಟ್ಟ ಮೇಲೆ ಹೇಳಿದರೆ ಅವರಿಗೆ ಆಗುವ ಅವಮಾನವೂ ನಿಜವಾದದ್ದೇ.

ತಂದೆ-ತಾಯಿಗಳಿಗೆ ನಮ್ಮದೊಂದು ವಿನಂತಿ. ವರ್ಷದಲ್ಲಿ ಎರಡು ಸಲವಾದರೂ ಬೆಂಗಳೂರಿಗೆ ಹೋಗಿ ಮಕ್ಕಳು ಇರುವ ಕೋಣೆಯನ್ನು ನೋಡಿರಿ. ಅವರೊಡನೆ ಮೆಟ್ರೋದಲ್ಲಿ ಕುಳಿತು ಅವರ ಕಚೇರಿಯ ಬಾಗಿಲವರೆಗೆ ಹೋಗಿಬನ್ನಿರಿ. ಅವರ ಗೆಳೆಯ ಗೆಳತಿಯರನ್ನು ಖಾನಾವಳಿಗೆ ಕರೆದು ಒಂದು ಹೊತ್ತು ಉಣಿಸಿರಿ. ಊರಿನಿಂದ ತಂದ ರೊಟ್ಟಿ ಬುತ್ತಿಯನ್ನು ಅವರಿಗೂ ಹಂಚಿರಿ. ಸಂಬಳದ ಮಾತಿಗಿಂತ ಮೊದಲು ನಿದ್ದೆ, ಊಟ, ಮನಸ್ಸಿನ ಮಾತು ಬರಲಿ. ಯಾರನ್ನಾದರೂ ಮೆಚ್ಚಿದ್ದೇನೆಂದು ಮಗಳು ಹೇಳಿದರೆ ಆ ದಿನವೇ ಬೇಡವೆನ್ನದೆ, "ಒಮ್ಮೆ ಮನಿಗೆ ಕರಕೊಂಡು ಬಾರವ್ವಾ, ನೋಡೋಣು" ಎನ್ನಿರಿ. ಮನೆಗೆ ಬಂದ ಹುಡುಗನನ್ನು ಒಳಪಂಗಡದಿಂದ ಅಳೆಯದೆ ಅವನ ಕಾಯಕದಿಂದ, ನಡೆನುಡಿಯಿಂದ ಅಳೆಯಿರಿ. ಅವನಲ್ಲಿ ಕೊರತೆ ಕಂಡರೆ ಮಗಳ ಮುಂದೆ ಕಾರಣ ಸಹಿತ ಹೇಳಿರಿ. ತನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ ತಂದೆಯ ಮಾತಿಗೆ ಮಗಳು ಕಿವಿಗೊಟ್ಟೇ ಕೊಡುತ್ತಾಳೆಂಬ ಭರವಸೆ ನಮಗಿದೆ.