ಭದ್ರಾವತಿಯಿಂದ ಪೋಲೆಂಡಿನ ಕಿರೀಟದವರೆಗೆ: ಸೌಂದರ್ಯ ಸ್ಪರ್ಧೆ ನಡೆಯುವುದು ಹೀಗೆ

ಟಿವಿಯಲ್ಲಿ ಕಿರೀಟ ತೊಡಿಸುವ ಕೊನೆಯ ಹತ್ತು ನಿಮಿಷವನ್ನು ಎಲ್ಲರೂ ನೋಡಿರುತ್ತೇವೆ. ಆ ವೇದಿಕೆಯವರೆಗಿನ ದಾರಿ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರದ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿಗೆ ಈ ಆಸೆ ಹುಟ್ಟಿದರೆ ಯಾರನ್ನು ಕೇಳಬೇಕು, ಎಲ್ಲಿ ಎಚ್ಚರ ವಹಿಸಬೇಕು? ಮಗಳಿಗೂ ಮನೆಯವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಏನಿದು ಸ್ಪರ್ಧೆ?

ಅಂತರರಾಷ್ಟ್ರೀಯ ಸೌಂದರ್ಯ ಸ್ಪರ್ಧೆ ಒಂದೇ ಅಲ್ಲ, ಹಲವು ಇವೆ. ಮಿಸ್ ವರ್ಲ್ಡ್, ಅಂದರೆ ವಿಶ್ವಸುಂದರಿ ಸ್ಪರ್ಧೆ, 1951ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಮಿಸ್ ಯೂನಿವರ್ಸ್, ಅಂದರೆ ಭುವನ ಸುಂದರಿ ಸ್ಪರ್ಧೆ, 1952ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಮಿಸ್ ಅರ್ತ್ ಪರಿಸರ ಕಾಳಜಿಗೆ ಮೀಸಲು. ಮಿಸ್ ಸುಪ್ರಾನ್ಯಾಷನಲ್ ಪೋಲೆಂಡ್ ದೇಶದಲ್ಲಿ ಹುಟ್ಟಿದ ಸ್ಪರ್ಧೆ. ಇವನ್ನು ಸರ್ಕಾರಗಳಾಗಲಿ ವಿಶ್ವಸಂಸ್ಥೆಯಾಗಲಿ ನಡೆಸುವುದಿಲ್ಲ. ನಡೆಸುವುದು ಖಾಸಗಿ ಸಂಸ್ಥೆಗಳು.

ನಮ್ಮ ರಾಜ್ಯದವರು ಇವುಗಳಲ್ಲಿ ಹಿಂದೆ ಬಿದ್ದಿಲ್ಲ. 1994ರ ವಿಶ್ವಸುಂದರಿ ಐಶ್ವರ್ಯಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ. 2000ದ ಭುವನ ಸುಂದರಿ ಲಾರಾ ದತ್ತಾ ಬೆಳೆದದ್ದು ಬೆಂಗಳೂರಿನಲ್ಲಿ. ಬೆಂಗಳೂರಿನ ನಿಕೋಲ್ ಫರಿಯಾ 2010ರಲ್ಲಿ ಮಿಸ್ ಅರ್ತ್ ಆದರು. ಭದ್ರಾವತಿಯ ಆಶಾ ಭಟ್ 2014ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಗೆದ್ದರು. ಆ ಕಿರೀಟ ಭಾರತಕ್ಕೆ ಬಂದದ್ದು ಅದೇ ಮೊದಲು. ಎರಡೇ ವರ್ಷದಲ್ಲಿ ಮಂಗಳೂರಿನ ಶ್ರೀನಿಧಿ ಶೆಟ್ಟಿ ಅದೇ ಕಿರೀಟವನ್ನು ಮತ್ತೆ ತಂದರು. 'ಕೆಜಿಎಫ್' ಚಿತ್ರದ ನಾಯಕಿ ಅವರೇ. ಆಶಾ, ಶ್ರೀನಿಧಿ ಇಬ್ಬರೂ ಎಂಜಿನಿಯರಿಂಗ್ ಓದಿದವರು.

ಅಲ್ಲಿಗೆ ಹೋಗುವುದು ಹೇಗೆ?

ಅಂತರರಾಷ್ಟ್ರೀಯ ಸ್ಪರ್ಧೆಗೆ ಯಾರೂ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಶಾಲಾ ಕಬಡ್ಡಿಯಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಗೆದ್ದು ಮೇಲೇರುವಂತೆ ಇಲ್ಲಿಯೂ ಮೆಟ್ಟಿಲುಗಳಿವೆ. ಪ್ರತಿ ಅಂತರರಾಷ್ಟ್ರೀಯ ಸಂಸ್ಥೆ ಒಂದೊಂದು ದೇಶದಲ್ಲಿ ಒಬ್ಬರಿಗೆ ಫ್ರಾಂಚೈಸಿ ಕೊಡುತ್ತದೆ. ಫ್ರಾಂಚೈಸಿ ಎಂದರೆ ಆ ದೇಶದಿಂದ ಸ್ಪರ್ಧಿಯನ್ನು ಆರಿಸಿ ಕಳಿಸುವ ಪರವಾನಗಿ. ಟೈಮ್ಸ್ ಸಮೂಹದ ಫೆಮಿನಾ ಮಿಸ್ ಇಂಡಿಯಾದಲ್ಲಿ ಗೆದ್ದವರು ವಿಶ್ವಸುಂದರಿ ಸ್ಪರ್ಧೆಗೆ ಹೋಗುತ್ತಾರೆ. 2024ರಿಂದ ಭುವನ ಸುಂದರಿ ಸ್ಪರ್ಧೆಗೆ ಭಾರತದ ಸ್ಪರ್ಧಿಯನ್ನು ಆರಿಸುತ್ತಿರುವುದು ಗ್ಲಾಮಾನಂದ್ ಸಂಸ್ಥೆಯ ಮಿಸ್ ಯೂನಿವರ್ಸ್ ಇಂಡಿಯಾ.

ಒಂದೇ ರಾಷ್ಟ್ರೀಯ ಸ್ಪರ್ಧೆಯಿಂದ ಎರಡು ಮೂರು ಬಾಗಿಲು ತೆರೆಯುವುದೂ ಉಂಟು. 2014ರ ಮಿಸ್ ದಿವಾ ಸ್ಪರ್ಧೆಯನ್ನೇ ನೋಡಿ. ಮುಖ್ಯ ಕಿರೀಟ ಸಿಕ್ಕಿದ್ದು ಬೆಂಗಳೂರಿನ ನೊಯೊನಿತಾ ಲೋಧ್ ಅವರಿಗೆ. ಅವರು ಭುವನ ಸುಂದರಿ ಸ್ಪರ್ಧೆಗೆ ಹೋಗಿ ಮೊದಲ 15ರೊಳಗೆ ಬಂದರು. ಅದೇ ಮಿಸ್ ದಿವಾದಲ್ಲಿ ಸುಪ್ರಾನ್ಯಾಷನಲ್ ಸ್ಪರ್ಧೆಯ ಅವಕಾಶ ಪಡೆದ ಆಶಾ ಭಟ್ ಪೋಲೆಂಡಿನಲ್ಲಿ ಗೆದ್ದೇ ಬಂದರು. ಇಲ್ಲಿ ಮೊದಲ ಸ್ಥಾನ ತಪ್ಪಿತೆಂದರೆ ಎಲ್ಲ ಮುಗಿಯಿತು ಎಂದಲ್ಲ.

'ನಮ್ಮ ಮಗಳು ಮುಂಬೈಯಲ್ಲಿ ಬೆಳೆದವಳು, ಕರ್ನಾಟಕದಿಂದ ಸ್ಪರ್ಧಿಸಬಹುದೇ?' ಎಂದು ಹೊರನಾಡಿನ ಪೋಷಕರು ಕೇಳಬಹುದು. 2022ರ ಫೆಮಿನಾ ಮಿಸ್ ಇಂಡಿಯಾ ಸಿನಿ ಶೆಟ್ಟಿ ಹುಟ್ಟಿದ್ದು ಮುಂಬೈಯಲ್ಲಿ. ಮೂಲ ಕರ್ನಾಟಕವಾದ್ದರಿಂದ ನಮ್ಮ ರಾಜ್ಯದ ಹೆಸರಿನಲ್ಲೇ ಗೆದ್ದರು. 2024ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯಲ್ಲಿ ಅವರು ಕೊನೆಯ ಎಂಟರೊಳಗಿದ್ದರು.

ಅರ್ಹತೆ ಏನು?

ಫೆಮಿನಾ ಮಿಸ್ ಇಂಡಿಯಾದ ಇತ್ತೀಚಿನ ಆವೃತ್ತಿಗಳಲ್ಲಿ ಎತ್ತರ ಕನಿಷ್ಠ 5 ಅಡಿ 3 ಅಂಗುಲ, ವಯಸ್ಸು 18ರಿಂದ 25 ಎಂದಿತ್ತು. ಭುವನ ಸುಂದರಿ ಸ್ಪರ್ಧೆ ಈಗ ವಿವಾಹಿತರಿಗೂ ತಾಯಂದಿರಿಗೂ ಮುಕ್ತವಾಗಿದೆ. ಗರಿಷ್ಠ ವಯಸ್ಸಿನ ಮಿತಿಯನ್ನೂ ತೆಗೆದಿದ್ದಾರೆ. ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಆಯಾ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ.

ಇಂಗ್ಲಿಷ್ ಬಾರದಿದ್ದರೆ? ಅಂತರರಾಷ್ಟ್ರೀಯ ವೇದಿಕೆಯಲ್ಲಿ ಬಹಳ ದೇಶದವರು ತಮ್ಮ ಭಾಷೆಯಲ್ಲೇ ಉತ್ತರಿಸುತ್ತಾರೆ. ಪಕ್ಕದಲ್ಲಿ ದುಭಾಷಿ ಇರುತ್ತಾರೆ. ಆದರೆ ನಮ್ಮ ರಾಷ್ಟ್ರೀಯ ಹಂತ ದಾಟಲು ಇಂಗ್ಲಿಷ್ ಇಲ್ಲವೇ ಹಿಂದಿ ರೂಢಿಸಿಕೊಂಡರೆ ಅನುಕೂಲ.

ಅಂಕ ಹೇಗೆ ಬೀಳುತ್ತದೆ?

ಫೈನಲ್‌ಗೆ ಮುಂಚೆಯೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಸ್ಪರ್ಧಿಗಳು ವಾರಗಟ್ಟಲೆ ಒಟ್ಟಿಗೆ ಇರುತ್ತಾರೆ. ಭುವನ ಸುಂದರಿಯಲ್ಲಿ ಮೊದಲು ಪ್ರಿಲಿಮಿನರಿ, ಅಂದರೆ ಪೂರ್ವಭಾವಿ ಸುತ್ತು. ಅದರಲ್ಲಿ ತೀರ್ಪುಗಾರರ ಜೊತೆ ಸಂದರ್ಶನ, ಈಜುಡುಗೆ, ಗೌನಿನ ನಡಿಗೆ ಇರುತ್ತವೆ. ರಾಷ್ಟ್ರೀಯ ಉಡುಪಿನ ಪ್ರದರ್ಶನ ಬೇರೆ. ಮಂಗಳೂರಿನಲ್ಲಿ ಹುಟ್ಟಿದ ದಿವಿತಾ ರೈ 2022ರ ಆವೃತ್ತಿಯಲ್ಲಿ 'ಸೋನೇ ಕಿ ಚಿಡಿಯಾ', ಅಂದರೆ ಚಿನ್ನದ ಹಕ್ಕಿ, ಎಂಬ ರೆಕ್ಕೆಗಳುಳ್ಳ ಉಡುಪು ತೊಟ್ಟಿದ್ದರು. ಅವರು ಮೊದಲ 16ರೊಳಗೆ ಬಂದರು.

ವಿಶ್ವಸುಂದರಿಯ ಲೆಕ್ಕ ಬೇರೆ. ಅಲ್ಲಿ ಈಜುಡುಗೆ ಸುತ್ತನ್ನು ಕೈಬಿಟ್ಟು ದಶಕವೇ ಆಯಿತು. ಕ್ರೀಡೆ, ಪ್ರತಿಭೆ, ಮಾಡೆಲಿಂಗ್ ಹಾಗೂ 'ಬ್ಯೂಟಿ ವಿತ್ ಎ ಪರ್ಪಸ್' ಎಂಬ ಸಮಾಜಸೇವೆಯ ಸುತ್ತುಗಳಿವೆ. ಇವಕ್ಕೆ ಫಾಸ್ಟ್ ಟ್ರ್ಯಾಕ್ ಎನ್ನುತ್ತಾರೆ. ಒಂದರಲ್ಲಿ ಗೆದ್ದರೆ ಮುಂದಿನ ಹಂತಕ್ಕೆ ನೇರ ಪ್ರವೇಶ.

ಕಡೆಗೆ ಪ್ರಶ್ನೋತ್ತರ. 2000ದಲ್ಲಿ ಸೈಪ್ರಸ್‌ನ ನಿಕೋಸಿಯಾದಲ್ಲಿ ಭುವನ ಸುಂದರಿ ಸ್ಪರ್ಧೆ ನಡೆದಾಗ ಹೊರಗೆ ಪ್ರತಿಭಟನೆ ನಡೆದಿತ್ತು. ಈ ಸ್ಪರ್ಧೆ ಹೆಣ್ಣಿಗೆ ಅಗೌರವ ಎನ್ನುವವರನ್ನು ಒಪ್ಪಿಸಿ ನೋಡೋಣ ಎಂದು ಲಾರಾ ದತ್ತಾರನ್ನು ಕೇಳಿದರು. ಉದ್ಯಮವೇ ಇರಲಿ, ಸೇನೆಯೇ ಇರಲಿ, ರಾಜಕಾರಣವೇ ಇರಲಿ, ಯುವತಿಯರು ಮುಂದೆ ಬರಲು ಇದೊಂದು ವೇದಿಕೆ ಎಂಬರ್ಥದ ಉತ್ತರ ಕೊಟ್ಟು ಅವರು ಗೆದ್ದರು.

ಆ ವಾದ ನಮ್ಮಲ್ಲೂ ಜೋರಾಗಿ ನಡೆದಿತ್ತು. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ, ವಕೀಲೆ ಪ್ರಮೀಳಾ ನೇಸರ್ಗಿ ಮೊದಲಾದವರು ವಿರೋಧಿಸಿದರು. ಈಜುಡುಗೆ ಸುತ್ತನ್ನು ಸೇಷೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಹೆಣ್ಣಿನ ಮೈಯನ್ನು ಸರಕಾಗಿಸಬಾರದೆಂಬ ಆ ಆಕ್ಷೇಪ ಇಂದಿಗೂ ತೂಕದ ಮಾತು. ಸ್ಪರ್ಧೆಗೆ ಇಳಿಯುವವರು ಅದನ್ನೂ ಓದಿಕೊಂಡಿರಬೇಕು.

ಖರ್ಚು ಎಷ್ಟು?

ಒಂದೇ ಮೊತ್ತ ಹೇಳಲು ಬಾರದು. ಖರ್ಚಿನ ಬಾಬ್ತು ಮಾತ್ರ ಇವು: ಉಡುಪು, ಚಪ್ಪಲಿ, ಫೋಟೊ ಪೋರ್ಟ್‌ಫೋಲಿಯೊ ಎಂಬ ಚಿತ್ರಸಂಚಿಕೆ, ನಡಿಗೆ ಮತ್ತು ಮಾತಿನ ತರಬೇತಿ, ಬೆಂಗಳೂರು ಮುಂಬೈ ಓಡಾಟ. ಕೆಲವು ಸ್ಪರ್ಧೆಗಳಲ್ಲಿ ನೋಂದಣಿ ಶುಲ್ಕವೂ ಉಂಟು. ಮೊದಲ ಹಂತಕ್ಕೆ ಫೋನಿನಲ್ಲಿ ಬೆಳಕಿಗೆ ಎದುರಾಗಿ ತೆಗೆದ, ಮೇಕಪ್ ಇಲ್ಲದ ಚೊಕ್ಕ ಫೋಟೊ ಎಷ್ಟೋ ಕಡೆ ಸಾಕಾಗುತ್ತದೆ. ಇದಕ್ಕಾಗಿ ಸಾಲ ಮಾಡಬೇಡಿ, ಹೊಲ ಒತ್ತೆ ಇಡಬೇಡಿ.

ಎಲ್ಲಿ ಅರ್ಜಿ, ಎಲ್ಲಿ ಎಚ್ಚರ?

ರಾಷ್ಟ್ರೀಯ ಸ್ಪರ್ಧೆಗಳ ಅರ್ಜಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಇಟ್ಟಂಗಿಹಾಳದಲ್ಲಿ ಕುಳಿತೇ ತುಂಬಬಹುದು, ದಲ್ಲಾಳಿ ಬೇಕಿಲ್ಲ. 'ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ, ಹಣ ಕಟ್ಟಿ' ಎಂಬ ಕರೆ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ಅಂತರರಾಷ್ಟ್ರೀಯ ಸಂಸ್ಥೆಯ ಪರವಾನಗಿ ಇದೆ? ಹಣಕ್ಕೆ ರಸೀದಿ ಕೊಡುತ್ತೀರಾ? ಒಪ್ಪಂದದ ಪ್ರತಿ ಮೊದಲೇ ಸಿಗುತ್ತದೆಯೇ? ಪರವಾನಗಿ ಇದೆ ಎಂದರೆ ಅಂತರರಾಷ್ಟ್ರೀಯ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಹೆಸರು ನೋಡಿ ಖಚಿತಪಡಿಸಿಕೊಳ್ಳಿ.

ಗೆದ್ದವರು ಸಾಮಾನ್ಯವಾಗಿ ಒಂದು ವರ್ಷ ಸಂಸ್ಥೆಯ ಕರಾರಿಗೆ ಬದ್ಧರಾಗಿರಬೇಕು. ಸಹಿ ಹಾಕುವ ಮೊದಲು ಪರಿಚಯದ ವಕೀಲರಿಗೆ ಕರಾರು ತೋರಿಸಿ. ಆಡಿಷನ್, ಅಂದರೆ ಆಯ್ಕೆಯ ಪರೀಕ್ಷೆಗೆ ಮನೆಯವರೊಬ್ಬರು ಜೊತೆಗೆ ಹೋಗಿ. ಖಾಸಗಿ ಫೋಟೊಗಳನ್ನು ಯಾರು ಕೇಳಿದರೂ ಕಳಿಸಬೇಡಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಕಿರುಕುಳವಾದರೆ 181 ಸಹಾಯವಾಣಿ ಇದೆ.

ಕಡೆಯದಾಗಿ ಒಂದು ಮಾತು. ಕಿರೀಟ ಸಿಗುವುದು ವರ್ಷಕ್ಕೆ ಒಬ್ಬರಿಗೆ. ಓದು ಕೈಬಿಡದೆ ಹೋದವರಿಗೆ ಸೋತರೂ ನಷ್ಟವಿಲ್ಲ: ನಾಲ್ಕು ಜನರ ಮುಂದೆ ನಿಂತು ಮಾತಾಡುವ ಧೈರ್ಯ ಕೆಲಸದ ಸಂದರ್ಶನದಲ್ಲೂ ನೆರವಿಗೆ ಬರುತ್ತದೆ. ಮೊದಲು ಕಾಲೇಜಿನ ಭಾಷಣ ಸ್ಪರ್ಧೆಗೆ ಹೆಸರು ಕೊಡಿ, ದಿನಪತ್ರಿಕೆ ಓದಿ, ಪದವಿ ಮುಗಿಸಿ. ಅದರ ಜೊತೆಜೊತೆಗೇ ಅರ್ಜಿ ಹಾಕಿ.